ಕೋಣೆಯಲ್ಲಿದ್ದ ಇನ್ನೊಬ್ಬರು

ಒಬ್ಬ ಡಾಕ್ಟರು ಆಸ್ಪತ್ರೆಯ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಾರೆ. ಮೈಮೇಲೆ ಇನ್ನೂ ಆಪರೇಷನ್ನಿನ ಗೌನು, ತಲೆಗೆ ಟೋಪಿ. ಒಂದು ಕೈಯಲ್ಲಿ ಕಾಫಿ ಕಪ್ಪು, ಇನ್ನೊಂದರಲ್ಲಿ ಸಿಗರೇಟು. ಅವೆರಡೂ ಕೈಯಲ್ಲಿವೆ ಎಂಬುದು ಅವರಿಗೆ ನೆನಪಿದ್ದಂತಿಲ್ಲ. ಕಣ್ಣು ಯಾವುದನ್ನೂ ನೋಡುತ್ತಿಲ್ಲ. ಹೊತ್ತು ರಾತ್ರಿ ಎರಡು ಗಂಟೆ. ಊರು ಅಮೆರಿಕದ ಕೊಲೊರಾಡೊ ರಾಜ್ಯದ ಕ್ರೆಮ್ಲಿಂಗ್. ಡಾಕ್ಟರ ಹೆಸರು ಅರ್ನೆಸ್ಟ್ ಸೆರಿಯಾನಿ. ಚಿತ್ರ ತೆಗೆದವರು ಡಬ್ಲ್ಯೂ. ಯೂಜೀನ್ ಸ್ಮಿತ್. ‘ಲೈಫ್’ ವಾರಪತ್ರಿಕೆಯ 1948ರ ಸೆಪ್ಟೆಂಬರ್ 20ರ ಸಂಚಿಕೆಯಲ್ಲಿ ಬಂದ ‘ಕಂಟ್ರಿ ಡಾಕ್ಟರ್’ ಎಂಬ ಚಿತ್ರಪ್ರಬಂಧ ಈ ಚಿತ್ರದೊಂದಿಗೆ ಮುಗಿಯುತ್ತದೆ.

ನೋಡಿದವರಿಗೆ ಆ ಅಡುಗೆಮನೆಯಲ್ಲಿ ಡಾಕ್ಟರು ಒಬ್ಬರೇ ಇದ್ದಾರೆ ಅನ್ನಿಸುತ್ತದೆ. ಆ ದಣಿವು ಅಷ್ಟು ಖಾಸಗಿಯಾದದ್ದು. ಆದರೆ ಅಲ್ಲಿ ಇನ್ನೊಬ್ಬರಿದ್ದರು, ಕೆಲವೇ ಅಡಿ ದೂರದಲ್ಲಿ, ಕ್ಯಾಮೆರಾ ಹಿಡಿದುಕೊಂಡು. ಆ ಇನ್ನೊಬ್ಬರನ್ನು ನಮ್ಮ ಗಮನದಿಂದ ಅಳಿಸಿಹಾಕುವುದೇ ಪತ್ರಿಕಾ ಛಾಯಾಗ್ರಹಣದ ದೊಡ್ಡ ಕಸುಬುಗಾರಿಕೆ ಎಂದು ಬಹುಕಾಲ ನಂಬಲಾಗಿತ್ತು. ಈ ಅಳಿಸುವಿಕೆ ಹೇಗೆ ನಡೆಯುತ್ತದೆ, ಅದಕ್ಕೆ ಬೆಲೆ ತೆರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಸ್ಮಿತ್ ಅವರ ಕೆಲಸವನ್ನು ಓದಬಹುದು ಎಂಬುದು ನನ್ನ ವಾದ. 1948ರ ಕ್ರೆಮ್ಲಿಂಗಿನಿಂದ 1970ರ ದಶಕದ ಮಿನಮಾತಾವರೆಗೆ ಅವರ ದಾರಿ ಈ ಪ್ರಶ್ನೆಗಳ ಮೇಲೆಯೇ ಸಾಗುತ್ತದೆ.

ನನ್ನ ಪಿಎಚ್‌.ಡಿ. ಅಧ್ಯಯನ ಸಾಕ್ಷ್ಯಕಥನಗಳನ್ನು ಕುರಿತದ್ದು. ಕಣ್ಣಾರೆ ಕಂಡದ್ದನ್ನು ಬರೆದವರ ಗದ್ಯವನ್ನು ಓದುವಾಗ ನಾವು ಸಹಜವಾಗಿ ಕೇಳುವ ಪ್ರಶ್ನೆಗಳಿವೆ: ಹೇಳುತ್ತಿರುವವರು ಯಾರು, ಎಲ್ಲಿ ನಿಂತು ನೋಡಿದರು, ಯಾರ ಪರವಾಗಿ ಮಾತಾಡುತ್ತಿದ್ದಾರೆ? ಫೋಟೋ ಎದುರಿಗೆ ಬಂದರೆ ಈ ಪ್ರಶ್ನೆಗಳು ಮಾಯವಾಗುತ್ತವೆ. ‘ಜೀವಂತವಾಗಿದೆ’, ‘ಮನಕಲಕುತ್ತದೆ’ ಎಂಬಲ್ಲಿಗೆ ನಮ್ಮ ವಿಮರ್ಶೆ ನಿಂತುಬಿಡುತ್ತದೆ. ಈ ಕಸುಬು ಕನ್ನಡಕ್ಕೆ ಹೊಸತೇನಲ್ಲ. ‘ಲೈಫ್’ಗೂ ಚಿತ್ರಗಳನ್ನು ಒದಗಿಸಿದ್ದ ಮೈಸೂರಿನ ಟಿ.ಎಸ್. ಸತ್ಯನ್ ನಮ್ಮವರೇ. ಅವರು ‘ಕಾಲಕ್ಕೆ ಕನ್ನಡಿ’ಯಲ್ಲಿ ತಮ್ಮ ವೃತ್ತಿಯ ನೆನಪುಗಳನ್ನು ಕನ್ನಡದಲ್ಲೇ ಬರೆದಿದ್ದಾರೆ. ಹಾಗಿದ್ದೂ ಪತ್ರಿಕೆಯ ಪುಟವೊಂದನ್ನು ಪಠ್ಯದಂತೆ ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಮೊದಲು ಪ್ರಕಾರದ ಮಾತು. ದಿನಪತ್ರಿಕೆಯ ಫೋಟೋ ಸುದ್ದಿಯ ಜೊತೆಗೆ ಓಡುತ್ತದೆ. ಅದಕ್ಕೆ ಸಿಗುವುದು ಒಂದು ಚೌಕಟ್ಟು, ಒಂದು ದಿನದ ಆಯುಸ್ಸು. ವಾರಪತ್ರಿಕೆಯ ಸಂಕಟ ಬೇರೆ. ಅದು ಓದುಗರ ಕೈ ಸೇರುವ ಹೊತ್ತಿಗೆ ಸುದ್ದಿ ಎಲ್ಲರಿಗೂ ಗೊತ್ತಾಗಿರುತ್ತದೆ. ಹಾಗಾಗಿ ಏನಾಯಿತು ಎಂಬುದರ ಬದಲು ಹೇಗೆ ಬದುಕುತ್ತಾರೆ, ಹೇಗೆ ಸಾಯುತ್ತಾರೆ ಎಂಬುದನ್ನು ಅದು ಹೇಳಬೇಕು. ಇದಕ್ಕೆ ಒಂದು ಚಿತ್ರ ಸಾಲದು, ಚಿತ್ರಗಳ ಸಾಲು ಬೇಕು. ಎರಡು ಮಹಾಯುದ್ಧಗಳ ನಡುವಿನ ಜರ್ಮನಿಯ ಸಚಿತ್ರ ವಾರಪತ್ರಿಕೆಗಳಲ್ಲಿ ಈ ರೂಪ ಬೆಳೆಯಿತು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಂಥ ಪುಟ್ಟ ಕ್ಯಾಮೆರಾಗಳು ಅದಕ್ಕೆ ನೆರವಾದವು. ಹಿಟ್ಲರನ ಕಾಲದಲ್ಲಿ ಆ ಪತ್ರಿಕೆಗಳ ಅನೇಕರು ದೇಶ ಬಿಟ್ಟರು. ಆಲ್ಫ್ರೆಡ್ ಐಸೆನ್‌ಸ್ಟಾಟ್ ಅವರಂಥವರು ಅಮೆರಿಕ ಸೇರಿದರು. 1936ರಲ್ಲಿ ಹೆನ್ರಿ ಲೂಸ್ ಹೊಸ ರೂಪದಲ್ಲಿ ‘ಲೈಫ್’ ಶುರುಮಾಡಿದಾಗ ಈ ಕಸುಬು ಅಲ್ಲಿ ಒಂದು ಕಾರ್ಖಾನೆಯ ಶಿಸ್ತು ಪಡೆಯಿತು.

ಕಾರ್ಖಾನೆ ಎಂಬ ಮಾತನ್ನು ಬೈಗುಳವಾಗಿ ಹೇಳುತ್ತಿಲ್ಲ. ನ್ಯೂಯಾರ್ಕಿನ ಕಚೇರಿಯಲ್ಲಿ ವಿಷಯ ನಿರ್ಧಾರವಾಗುತ್ತಿತ್ತು. ಎಂಥ ಚಿತ್ರಗಳು ಬೇಕು ಎಂಬ ಪಟ್ಟಿ ಛಾಯಾಗ್ರಾಹಕರ ಕೈಗೆ ಬರುತ್ತಿತ್ತು. ತೆಗೆದ ರೀಲುಗಳು ಕಚೇರಿಗೆ ಹೋದರೆ ಅಲ್ಲಿನ ಲ್ಯಾಬು ತೊಳೆಯುತ್ತಿತ್ತು, ಚಿತ್ರ ಸಂಪಾದಕರು ಆರಿಸುತ್ತಿದ್ದರು, ಕಲಾವಿಭಾಗ ಪುಟ ಕಟ್ಟುತ್ತಿತ್ತು, ಇನ್ನೊಬ್ಬರು ಜಾಗಕ್ಕೆ ಸರಿಹೊಂದುವಂತೆ ಅಡಿಬರಹ ಬರೆಯುತ್ತಿದ್ದರು. ಕೊನೆಯ ಮಾತು ಛಾಯಾಗ್ರಾಹಕರದಾಗಿರಲಿಲ್ಲ. ಕತೆಗಾರರೊಬ್ಬರು ಬರೆದ ವಾಕ್ಯಗಳನ್ನು ಒಬ್ಬರು ಆರಿಸಿ, ಇನ್ನೊಬ್ಬರು ಜೋಡಿಸಿ, ಮತ್ತೊಬ್ಬರು ಹೆಸರಿಟ್ಟರೆ ಆ ಕತೆ ಯಾರದು? ಸ್ಮಿತ್ ತಮ್ಮ ವೃತ್ತಿಜೀವನದ ಉದ್ದಕ್ಕೂ ‘ಲೈಫ್’ ಜೊತೆ ಜಗಳವಾಡಿದ್ದು ಈ ಪ್ರಶ್ನೆಯ ಮೇಲೆ.

ಕ್ರೆಮ್ಲಿಂಗಿನಲ್ಲಿ ಅವರು ಸುಮಾರು ಮೂರು ವಾರ ಸೆರಿಯಾನಿಯವರ ಬೆನ್ನಿಗೆ ಅಂಟಿಕೊಂಡಿದ್ದರು. ಮೊದಲ ಕೆಲವು ದಿನ ಕ್ಯಾಮೆರಾಕ್ಕೆ ರೀಲು ಹಾಕದೆಯೇ ಕ್ಲಿಕ್ಕಿಸುತ್ತಿದ್ದರಂತೆ, ಡಾಕ್ಟರಿಗೆ ಆ ಸದ್ದು ಅಭ್ಯಾಸವಾಗಲಿ ಎಂದು. ನಮ್ಮ ಮನೆಗೆ ನೆಂಟರು ಬಂದ ಮೊದಲ ದಿನ ಹೊಸ ಚಾಪೆ, ಒಳ್ಳೆಯ ಲೋಟ, ಎಚ್ಚರದ ಮಾತು. ನಾಲ್ಕನೆಯ ದಿನ ಅವರ ಎದುರೇ ಅತ್ತೆ ಸೊಸೆ ಜಗಳವಾಡುತ್ತಾರೆ. ಖಾಲಿ ಕ್ಯಾಮೆರಾದ ಉಪಾಯ ಮೊದಲ ಮೂರು ದಿನಗಳ ನಟನೆಯನ್ನು ಸವೆಸಿ ಹಾಕುವ ಉಪಾಯ. ಫೋಟೋ ಜರ್ನಲಿಸಂ ಎಂದರೆ ಕ್ಷಣವನ್ನು ಹಿಡಿಯುವ ಚುರುಕು ಎನ್ನುವವರಿಗೆ ಈ ಮೂರು ವಾರಗಳನ್ನು ತೋರಿಸಬೇಕು. ಇಲ್ಲಿ ಮುಖ್ಯವಾದ ತಂತ್ರ ಕಾಯುವುದು. ಕ್ಷಣ ಬಂದಾಗ ತಾನು ಅಲ್ಲಿರುವುದು ಯಾರಿಗೂ ವಿಶೇಷ ಅನ್ನಿಸದ ಹಾಗೆ ಇರುವುದು.

ಎರಡನೆಯ ತಂತ್ರ ಸಾಲು ಕಟ್ಟುವುದು. ‘ಲೈಫ್’ನ ಹಳೆಯ ಸಂಚಿಕೆಗಳು ಈಗ ಗೂಗಲ್ ಬುಕ್ಸ್‌ನಲ್ಲಿ ಜಾಹೀರಾತುಗಳ ಸಮೇತ ಪುಟಪುಟವಾಗಿ ಸಿಗುತ್ತವೆ. ‘ಕಂಟ್ರಿ ಡಾಕ್ಟರ್’ ಅನ್ನು ಬಿಡಿಚಿತ್ರಗಳಾಗಿ ಅಲ್ಲದೆ ಹೀಗೆ ಪುಟಗಳಲ್ಲಿ ನೋಡಿದರೆ ಅದರ ಕಟ್ಟಡ ಕಾಣುತ್ತದೆ. ಮೋಡ ಕವಿದ ಆಕಾಶದ ಕೆಳಗೆ, ಕಳೆ ಬೆಳೆದ ಅಂಗಳ ದಾಟಿ, ಕೈಯಲ್ಲಿ ಚೀಲ ಹಿಡಿದು ನಡೆದು ಬರುವ ಡಾಕ್ಟರಿಂದ ಶುರು. ಮುಂದೊಂದು ಕಡೆ ಅಪರೂಪಕ್ಕೆ ಸಿಕ್ಕ ಬಿಡುವಿನಲ್ಲಿ ಅವರು ಮೀನು ಹಿಡಿಯಲು ಹೋಗಿದ್ದಾರೆ. ಬಿಡಿಯಾಗಿ ನೋಡಿದರೆ ಸಾಧಾರಣ ಚಿತ್ರ. ಆದರೆ ಆ ಬಿಡುವು ಅರ್ಧಕ್ಕೇ ಮುರಿಯುತ್ತದೆ. ಕುದುರೆ ಒದ್ದು ಹಣೆಗೆ ಗಾಯವಾದ ಪುಟ್ಟ ಹುಡುಗಿಯೊಬ್ಬಳನ್ನು ನೋಡಲು ಅವರಿಗೆ ಕರೆ ಬಂದಿದೆ. ಹೊಲಿಗೆ ಹಾಕುವ ಕೈ, ದಿಕ್ಕೆಟ್ಟು ನಿಂತ ತಂದೆತಾಯಿ, ನಂತರ ಯೋಚನೆಗೆ ಬಿದ್ದ ಡಾಕ್ಟರ ಮುಖ. ಗಾಯ ಮಾಯುತ್ತದೆ, ಕಣ್ಣು ಉಳಿಯುವುದಿಲ್ಲ, ಅದನ್ನು ಹೆತ್ತವರಿಗೆ ಹೇಳಬೇಕು.

ಹೊಳೆಯ ದಂಡೆಯ ಆ ಸಾಧಾರಣ ಚಿತ್ರ ಇಲ್ಲದಿದ್ದರೆ ಆ ಮುಖದ ಭಾರ ನಮಗೆ ಅರ್ಧವೂ ತಟ್ಟುತ್ತಿರಲಿಲ್ಲ. ಒಳ್ಳೆಯ ಗದ್ಯದಲ್ಲೂ ಹೀಗೆಯೇ, ಎಲ್ಲ ವಾಕ್ಯಗಳೂ ಏರುದನಿಯಲ್ಲಿ ಮಾತಾಡುವುದಿಲ್ಲ. ಚಿತ್ರಪ್ರಬಂಧದಲ್ಲಿ ದುರ್ಬಲ ಚಿತ್ರಕ್ಕೂ ಕೆಲಸವಿದೆ. ಅದು ಮುಂದಿನ ಚಿತ್ರಕ್ಕೆ ಜಾಗ ಮಾಡಿಕೊಡುತ್ತದೆ. ಒಂದೊಂದೇ ಚಿತ್ರಕ್ಕೆ ಬಹುಮಾನ ಕೊಡುವ, ಒಂದೊಂದೇ ಚಿತ್ರವನ್ನು ಹಂಚಿಕೊಳ್ಳುವ ನಮ್ಮ ಕಾಲ ಈ ವಿವೇಕವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ.

ಮೂರನೆಯದು ಅಡಿಬರಹ. ಅಡುಗೆಮನೆಯ ಚಿತ್ರವನ್ನೇ ತೆಗೆದುಕೊಳ್ಳಿ. ಕೆಳಗೆ ಏನೂ ಬರೆಯದಿದ್ದರೆ ಅದು ದುಡಿದು ಬಳಲಿದ ಯಾರದೋ ಚಿತ್ರ. ‘ತಡರಾತ್ರಿ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ವೈದ್ಯ’ ಎಂದು ಬರೆದರೆ ಕರ್ತವ್ಯದ ಚಿತ್ರ. ಇವತ್ತು ಈ ಚಿತ್ರದ ಜೊತೆ ಸಾಮಾನ್ಯವಾಗಿ ಬರುವ ವಿವರ ಮತ್ತೊಂದು: ಆ ರಾತ್ರಿ ಸಿಸೇರಿಯನ್ ಮಾಡಿದಾಗ ತೊಡಕುಂಟಾಗಿ ತಾಯಿ ಮಗು ಇಬ್ಬರೂ ತೀರಿಕೊಂಡಿದ್ದರು. ಇದನ್ನು ಓದಿದ ಮೇಲೆ ಅದೇ ಮುಖದಲ್ಲಿ ದಣಿವು ಕಾಣುವುದಿಲ್ಲ, ಸೋಲು ಕಾಣುತ್ತದೆ. ಕಾಗದದ ಮೇಲಿನ ಕಪ್ಪು ಬಿಳುಪು ಒಂದಿಷ್ಟೂ ಬದಲಾಗಿಲ್ಲ, ಚಿತ್ರ ಮಾತ್ರ ಬದಲಾಗಿದೆ. ಫೋಟೋ ತಾನೇ ಮಾತಾಡುತ್ತದೆ ಎನ್ನುವುದು ಚಂದದ ಮಾತು. ಮುಖದ ಮೇಲಿನ ಭಾವವನ್ನು ಅದು ತೋರಿಸಬಲ್ಲದು, ಆ ಭಾವದ ಕಾರಣವನ್ನು ತೋರಿಸಲಾರದು. ಕಾರಣ ಹೇಳುವ ಕೆಲಸ ಯಾವಾಗಲೂ ಪಕ್ಕದ ಮಾತಿನದು. ಆ ಮಾತು ಬರೆಯುವವರು ಆ ಅಡುಗೆಮನೆಯಲ್ಲಿ ಇದ್ದಿರಲೇಬೇಕು ಎಂದೇನೂ ಇಲ್ಲ.

ಇಷ್ಟು ಕಸುಬು ಸೇರಿ ಕಟ್ಟಿದ ಕತೆಯಿಂದ ಹೊರಗೆ ಉಳಿದದ್ದೇನು? ಸುಮಾರು 400 ಚದರ ಮೈಲಿಯಲ್ಲಿ ಹರಡಿದ್ದ 2000 ಜನರಿಗೆ ಸೆರಿಯಾನಿ ಒಬ್ಬರೇ ಡಾಕ್ಟರು. ಚಿತ್ರಗಳಲ್ಲಿ ಇದು ವೀರಗಾಥೆ. ಲೆಕ್ಕದಲ್ಲಿ ನೋಡಿದರೆ ಒಂದು ವ್ಯವಸ್ಥೆಯ ಸೋಲು. ಅದೇ ವರ್ಷಗಳಲ್ಲಿ ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಸ್ತಾಪ ಮುಂದಿಟ್ಟಿದ್ದರು, ವೈದ್ಯರ ಸಂಘ ಅದನ್ನು ಬಲವಾಗಿ ವಿರೋಧಿಸುತ್ತಿತ್ತು. ಹಳ್ಳಿಗಳಿಗೆ ಡಾಕ್ಟರು ಏಕೆ ಸಿಗುತ್ತಿಲ್ಲ ಎಂಬುದು ಆ ಕಾಲದ ಜೀವಂತ ಪ್ರಶ್ನೆ. ಚಿತ್ರಪ್ರಬಂಧ ಎಂಬ ರೂಪಕ್ಕೆ ಒಬ್ಬ ನಾಯಕ ಬೇಕು, ಅವನ ಒಂದು ದಿನ ಬೇಕು, ಬೆಳಗು ಬೇಕು, ರಾತ್ರಿ ಬೇಕು. ವ್ಯವಸ್ಥೆಗೆ ಮುಖವಿಲ್ಲ, ಆದ್ದರಿಂದ ಅದು ಫೋಟೋದಲ್ಲಿ ಬೀಳುವುದಿಲ್ಲ. ನಾಯಕನ ದಣಿವನ್ನು ನೋಡಿ ನಾವು ಮರುಗುತ್ತೇವೆ. ಆ ದಣಿವಿಗೆ ಯಾರು ಹೊಣೆ ಎಂದು ಕೇಳಲು ಮರೆಯುತ್ತೇವೆ.

ಈ ಸಂಕಟ 1951ರ ಡಿಸೆಂಬರ್ 3ರ ಸಂಚಿಕೆಯ ‘ನರ್ಸ್ ಮಿಡ್‌ವೈಫ್’ನಲ್ಲಿ ಇನ್ನಷ್ಟು ತೀವ್ರ. ದಕ್ಷಿಣ ಕೆರೊಲಿನಾದ ಪೈನ್‌ವಿಲ್ ಸುತ್ತಮುತ್ತ ಬಡ ಕಪ್ಪು ಕುಟುಂಬಗಳಲ್ಲಿ ಹೆರಿಗೆ ಮಾಡಿಸುತ್ತ, ರೋಗಿಗಳನ್ನು ನೋಡಿಕೊಳ್ಳುತ್ತ ದುಡಿದ ಮಾಡ್ ಕ್ಯಾಲೆನ್ ಎಂಬ ಕಪ್ಪು ಸೂಲಗಿತ್ತಿ-ನರ್ಸ್ ಇದರ ನಾಯಕಿ. ಕಾನೂನುಬದ್ಧ ವರ್ಣಭೇದದ ಕಾಲದಲ್ಲಿ, ಬಹುಪಾಲು ಬಿಳಿಯ ಓದುಗರಿದ್ದ ಪತ್ರಿಕೆಯಲ್ಲಿ, ಕಪ್ಪು ಹೆಂಗಸೊಬ್ಬಳ ಜ್ಞಾನ ಮತ್ತು ಘನತೆಯನ್ನು ಪುಟಗಟ್ಟಲೆ ತೋರಿಸುವುದು ಸಣ್ಣ ಕೆಲಸವಲ್ಲ. ಓದುಗರು ಹಣ ಕಳಿಸಿದರು. ಅದರಿಂದ ಕ್ಯಾಲೆನ್ ಅವರಿಗೊಂದು ಚಿಕಿತ್ಸಾಲಯ ಎದ್ದು 1953ರಲ್ಲಿ ತೆರೆಯಿತು. ಚಿತ್ರಗಳು ಏನನ್ನೂ ಬದಲಿಸುವುದಿಲ್ಲ ಎನ್ನುವವರಿಗೆ ಇಟ್ಟಿಗೆ ಗಾರೆಯ ಉತ್ತರ ಇದು. ಆದರೂ ಒಂದು ಮಾತು ಉಳಿಯುತ್ತದೆ. ಓದುಗರ ಕರುಣೆ ಒಂದು ಕಟ್ಟಡ ಕಟ್ಟಿತು. ಆ ಊರಿಗೆ ಅಂಥದೊಂದು ಕಟ್ಟಡ ಅಲ್ಲಿಯವರೆಗೆ ಏಕಿರಲಿಲ್ಲ ಎಂಬ ಪ್ರಶ್ನೆ ಕರುಣೆಯಲ್ಲಿ ಕರಗಿಹೋಯಿತು.

ಇನ್ನು ಡಾರ್ಕ್‌ರೂಮು. ಸ್ಮಿತ್ ಅವರ ಪ್ರಿಂಟುಗಳು ಕಡುಗಪ್ಪು. ಬೇಡದ್ದನ್ನು ಕತ್ತಲಿಗೆ ತಳ್ಳಿ, ಬೇಕಾದ ಮುಖವನ್ನು, ಕೈಯನ್ನು ಬೆಳಕಿಗೆ ತರಲು ಅವರು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒಂದೇ ಪ್ರಿಂಟಿನ ಮೇಲೆ ಕೂರುತ್ತಿದ್ದರು. ಹಿಗ್ಗಿಸುವ ಯಂತ್ರದ ಬೆಳಕನ್ನು ಕೈಯಿಂದ ಮರೆಮಾಡಿ ಒಂದು ಭಾಗವನ್ನು ತಿಳಿಯಾಗಿಸುವುದು, ಇನ್ನೊಂದು ಭಾಗಕ್ಕೆ ಹೆಚ್ಚು ಹೊತ್ತು ಬೆಳಕು ಕೊಟ್ಟು ಕಪ್ಪಾಗಿಸುವುದು, ಕೊನೆಗೆ ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣವನ್ನು ಸಣ್ಣ ಕುಂಚದಲ್ಲಿ ಅದ್ದಿ ಬಿಳುಪು ಬೇಕಾದಲ್ಲಿ ಸವರುವುದು, ಇವು ಅವರ ಕೈಚಳಕಗಳು. ಇದನ್ನು ಮೋಸ ಎನ್ನಬೇಕೆ?

ನಮ್ಮ ಗ್ರಂಥಸಂಪಾದನೆಯ ಪರಂಪರೆಯಲ್ಲಿ ಇದಕ್ಕೊಂದು ಅಳತೆಗೋಲು ಸಿಗುತ್ತದೆ. ನೆಗೆಟಿವ್ ಓಲೆಗರಿಯಂತೆ, ಪ್ರಿಂಟು ಸಂಪಾದಿತ ಪಠ್ಯದಂತೆ. ಮಸುಕಾದ ಅಕ್ಷರವನ್ನು ಬೆಳಕಿಗೆ ಹಿಡಿದು ಓದುವುದು, ಗರಿಗೆ ಮಸಿ ಸವರಿ ಗೀರನ್ನು ಸ್ಪಷ್ಟಪಡಿಸುವುದು ಸಂಪಾದಕರ ಕೆಲಸ. ಇಲ್ಲದ ಅಕ್ಷರವನ್ನು ಸೇರಿಸಿದರೆ, ಆ ಜಾಗಕ್ಕೆ ಅದು ಎಷ್ಟೇ ಒಪ್ಪುವಂತಿದ್ದರೂ, ಸೇರಿಸಿದ್ದೇನೆ ಎಂದು ಗುರುತು ಹಾಕಲೇಬೇಕು. ಗುರುತಿಲ್ಲದೆ ಸೇರಿಸಿದ ಪದ ಮುಂದಿನ ಓದುಗರ ಪಾಲಿಗೆ ಕವಿಯದೇ ಆಗಿಬಿಡುತ್ತದೆ. ಸ್ಮಿತ್ ಅವರ ಬಹುಪಾಲು ಡಾರ್ಕ್‌ರೂಮ್ ಕೆಲಸ ಮೊದಲ ಬಗೆಯದು. ಎರಡು ಕಡೆ ಅವರು ಗೆರೆ ದಾಟಿದರು.

ಒಂದು, 1954ರಲ್ಲಿ. ಆಫ್ರಿಕಾದ ಲ್ಯಾಂಬರಿನೆಯಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಆಲ್ಬರ್ಟ್ ಶ್ವೈಟ್ಜರ್ ಕುರಿತ ‘ಎ ಮ್ಯಾನ್ ಆಫ್ ಮರ್ಸಿ’ಯ ಪ್ರಸಿದ್ಧ ಚಿತ್ರದಲ್ಲಿ, ಕೆಳಗಿನ ಮೂಲೆಯಲ್ಲಿ ಒಂದು ಕೈ ಮತ್ತು ಗರಗಸದ ಹಿಡಿ ನೆರಳಿನಂತೆ ಕಾಣುತ್ತವೆ. ಅವು ಆ ಚಿತ್ರದವಲ್ಲ. ಇನ್ನೊಂದು ನೆಗೆಟಿವ್‌ನಿಂದ ತಂದು ಸೇರಿಸಿದವು. ಚೌಕಟ್ಟಿನ ತೂಕ ಸರಿಹೋಯಿತು. ಕಟ್ಟುವ ಕೆಲಸದ ನಡುವೆ ನಿಂತ ಶ್ವೈಟ್ಜರ್ ಇನ್ನಷ್ಟು ಶ್ವೈಟ್ಜರ್ ಆದರು. ಅದೇ ಪ್ರಬಂಧದ ಪುಟವಿನ್ಯಾಸದ ವಿಚಾರದಲ್ಲಿ ಸಂಪಾದಕರು ತಮ್ಮ ಮಾತು ಕೇಳಲಿಲ್ಲ ಎಂದು ಸ್ಮಿತ್ ‘ಲೈಫ್’ ಬಿಟ್ಟರು. ತನ್ನ ಚಿತ್ರಗಳ ಸತ್ಯಕ್ಕೆ ಸಂಪಾದಕರು ಭಂಗ ತಂದರು ಎಂದು ಹೊರನಡೆದವರು, ತಾವೇ ಸೇರಿಸಿದ ಗರಗಸದ ಬಗ್ಗೆ ಅದೇ ಬಗೆಯ ಅಳುಕು ಪಟ್ಟಂತೆ ಕಾಣುವುದಿಲ್ಲ.

ಇನ್ನೊಂದು, ಅದಕ್ಕಿಂತ ಮೊದಲಿನದು. 1951ರ ಏಪ್ರಿಲ್ 9ರ ಸಂಚಿಕೆಯ ‘ಸ್ಪ್ಯಾನಿಷ್ ವಿಲೇಜ್’. ಫ್ರಾಂಕೋನ ಸರ್ವಾಧಿಕಾರದ ಸ್ಪೇನಿನಲ್ಲಿ ದೆಲೆಯಿತೋಸಾ ಎಂಬ ಬಡ ಹಳ್ಳಿಯ ಚಿತ್ರಣ. ಅದರಲ್ಲೊಂದು ಸಾವಿನ ಮನೆಯ ಚಿತ್ರವಿದೆ. ಹಾಸಿಗೆಯ ಮೇಲೆ ಮುದುಕನ ಹೆಣ, ಸುತ್ತ ಕಪ್ಪು ಬಟ್ಟೆ ತೊಟ್ಟ ಹೆಂಗಸರು. ನೆಗೆಟಿವ್‌ನಲ್ಲಿ ಅವರ ಪೈಕಿ ಇಬ್ಬರ ದೃಷ್ಟಿ ಕ್ಯಾಮೆರಾದ ಕಡೆ ತಿರುಗಿತ್ತು. ಸ್ಮಿತ್ ಪ್ರಿಂಟಿನಲ್ಲಿ ಆ ಕಣ್ಣುಗಳನ್ನು ಕಪ್ಪಾಗಿಸಿ, ಕುಂಚದಿಂದ ಬೇರೆಡೆ ಬಿಳುಪು ತಂದು, ನೋಟವನ್ನೇ ತಿರುಗಿಸಿದರು. ಈಗ ಅವರು ನಮ್ಮನ್ನು ನೋಡುವುದಿಲ್ಲ.

ಇವೆರಡರಲ್ಲಿ ಗರಗಸವನ್ನೇ ದೊಡ್ಡ ಅಪರಾಧ ಎನ್ನುವವರು ಹೆಚ್ಚು, ಏಕೆಂದರೆ ಅಲ್ಲಿ ಇಲ್ಲದ ವಸ್ತುವೊಂದು ಚಿತ್ರದೊಳಗೆ ಬಂದಿದೆ. ನನಗೆ ಕಣ್ಣುಗಳ ವಿಷಯ ಹೆಚ್ಚು ಗಂಭೀರ ಅನ್ನಿಸುತ್ತದೆ. ಗರಗಸ ಹುಸಿ ವಿವರವೊಂದನ್ನು ಸೇರಿಸುತ್ತದೆ. ಕಣ್ಣು ತಿರುಗಿಸಿದ್ದು ನಿಜವಾಗಿ ನಡೆದ ಭೇಟಿಯೊಂದನ್ನೇ ಅಳಿಸುತ್ತದೆ. ಹೆಣದ ಸುತ್ತ ಕೂತ ಹೆಂಗಸರ ನಡುವೆ ಭಾಷೆ ಬಾರದ ಪರದೇಶಿಯೊಬ್ಬ ಬಂದು ನಿಂತಾಗ ಅವರು ತಲೆಯೆತ್ತಿ ಅವನನ್ನು ನೋಡಿದರು. ಅದೂ ಆ ರಾತ್ರಿಯ ಸತ್ಯವೇ. ನಮ್ಮ ಸಾವಿನ ಮನೆಗೆ ಅಪರಿಚಿತರು ಬಂದರೆ ನಾವೂ ಹಾಗೆಯೇ ನೋಡುತ್ತೇವೆ. ಆ ನೋಟದಲ್ಲಿ ‘ನೀನು ಯಾರು, ಏಕೆ ಬಂದೆ’ ಎಂಬ ಪ್ರಶ್ನೆ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಇದ್ದಿದ್ದರೆ ಅದನ್ನು ಕೇಳುವ ಹಕ್ಕು ಅವರದಾಗಿತ್ತು. ದುಃಖವನ್ನು ಶುದ್ಧವಾಗಿ ತೋರಿಸಬೇಕೆಂಬ ಹಂಬಲದಲ್ಲಿ ದುಃಖಿಗಳ ನೋಟವನ್ನೇ ಕಸಿದುಕೊಂಡಂತಾಯಿತು.

ಇಂದಿನ ದೊಡ್ಡ ಛಾಯಾಗ್ರಹಣ ಸ್ಪರ್ಧೆಗಳು ಮೂಲ ಡಿಜಿಟಲ್ ಫೈಲನ್ನು ತರಿಸಿಕೊಂಡು ಪರೀಕ್ಷಿಸುತ್ತವೆ. ಗರಗಸವೂ ಸಿಕ್ಕಿಬೀಳುತ್ತಿತ್ತು, ಕಣ್ಣೂ ಸಿಕ್ಕಿಬೀಳುತ್ತಿತ್ತು. ಒಳ್ಳೆಯದೇ. ಆದರೆ ಈ ಪರೀಕ್ಷೆ ಹಿಡಿಯುವುದು ಚೌಕಟ್ಟಿನೊಳಗಿನ ಸುಳ್ಳನ್ನು. ಚಿತ್ರದಲ್ಲಿರುವವರಿಗೂ ತೆಗೆದವರಿಗೂ ನಡುವೆ ಏನಿತ್ತು, ಚಿತ್ರ ಹೊರಹೋದ ಮೇಲೆ ಅವರಿಗೆ ಏನಾಯಿತು ಎಂಬುದು ಯಾವ ಫೈಲಿನಲ್ಲೂ ಇರುವುದಿಲ್ಲ. ಈ ಪ್ರಶ್ನೆಯನ್ನು ಸ್ಮಿತ್ ನೇರವಾಗಿ ಎದುರಿಸಿದ್ದು ತಮ್ಮ ಕೊನೆಯ ದೊಡ್ಡ ಕೆಲಸದಲ್ಲಿ.

ಜಪಾನಿನ ಮಿನಮಾತಾ ಒಂದು ಮೀನುಗಾರರ ಊರು. ಚಿಸ್ಸೋ ಎಂಬ ರಾಸಾಯನಿಕ ಕಂಪನಿ 1932ರಿಂದ 1968ರವರೆಗೆ ಪಾದರಸ ಬೆರೆತ ತ್ಯಾಜ್ಯವನ್ನು ಅಲ್ಲಿನ ಕೊಲ್ಲಿಗೆ ಬಿಡುತ್ತಿತ್ತು. ಮೀನಿನ ಮೂಲಕ ಅದು ಮನುಷ್ಯರ ನರಮಂಡಲ ಸೇರಿತು. ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಅದಾದ ಮೇಲೂ ಹನ್ನೆರಡು ವರ್ಷ ವಿಷ ಹರಿಯಿತು. 1971ರಲ್ಲಿ ಸ್ಮಿತ್ ಮತ್ತು ಅವರ ಪತ್ನಿ ಐಲೀನ್ ಮಿಯೋಕೊ ಸ್ಮಿತ್ ಕೆಲವು ತಿಂಗಳಿಗೆಂದು ಅಲ್ಲಿಗೆ ಹೋದರು, ಸುಮಾರು ಮೂರು ವರ್ಷ ಉಳಿದರು. ಊರಿನಲ್ಲೇ ಮನೆ ಮಾಡಿದರು. ಐಲೀನ್ ಅವರ ತಾಯಿ ಜಪಾನಿನವರು. ಮಾತು ಐಲೀನ್ ಅವರ ಮೂಲಕ ನಡೆಯುತ್ತಿತ್ತು, ಫೋಟೋಗಳನ್ನು ಇಬ್ಬರೂ ತೆಗೆಯುತ್ತಿದ್ದರು. 1972ರ ಜನವರಿಯಲ್ಲಿ ಕಂಪನಿಯ ಗೊಯಿ ಘಟಕದಲ್ಲಿ ರೋಗಿಗಳ ಜೊತೆ ಹೋಗಿದ್ದ ಸ್ಮಿತ್ ಅವರ ಮೇಲೆ ಹಲ್ಲೆಯಾಯಿತು. ಆ ಪೆಟ್ಟಿನಿಂದ ಅವರು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಅದೇ ಜೂನ್ 2ರ ‘ಲೈಫ್’ನಲ್ಲಿ ಮಿನಮಾತಾದ ಚಿತ್ರಗಳು ಬಂದವು. ಆ ಡಿಸೆಂಬರಿನಲ್ಲಿ ‘ಲೈಫ್’ ವಾರಪತ್ರಿಕೆಯೇ ನಿಂತಿತು. 1975ರಲ್ಲಿ ‘ಮಿನಮಾತಾ’ ಎಂಬ ಪುಸ್ತಕ ಇಬ್ಬರ ಹೆಸರಿನಲ್ಲೂ ಹೊರಬಂತು.

ಕ್ರೆಮ್ಲಿಂಗಿನ ಪಕ್ಕ ಇದನ್ನು ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲಿ ಒಬ್ಬ ನಾಯಕನಿಲ್ಲ, ಒಂದು ದಿನದ ಕತೆಯಿಲ್ಲ. ಮೀನುಗಾರರಿದ್ದಾರೆ, ರೋಗಿಗಳಿದ್ದಾರೆ, ಕಾರ್ಖಾನೆಯ ಕೊಳವೆ ಇದೆ, ಕಂಪನಿಯ ಅಧಿಕಾರಿಗಳಿದ್ದಾರೆ, ಪ್ರತಿಭಟನೆ ಇದೆ, ನ್ಯಾಯಾಲಯವಿದೆ. ಹಿಂದೆ ಫೋಟೋಗೆ ಸಿಗದೆ ತಪ್ಪಿಸಿಕೊಳ್ಳುತ್ತಿದ್ದ ವ್ಯವಸ್ಥೆ ಈಗ ಸಾಲುಗಳ ಬಲದಿಂದ ಸಿಕ್ಕಿಬಿದ್ದಿದೆ. ಚಿತ್ರಗಳ ಪಕ್ಕದ ಮಾತೂ ಈಗ ಅವರದೇ. ಅದು ‘ನಾವು’ ಎಂದು ಮಾತಾಡುತ್ತದೆ. ಪುಸ್ತಕದ ಆರಂಭದಲ್ಲೇ ಸ್ಮಿತ್ ವಸ್ತುನಿಷ್ಠತೆ ಎಂಬ ಹಕ್ಕೊತ್ತಾಯವನ್ನು ಬಿಟ್ಟುಕೊಡುತ್ತಾರೆ. ತಾನೊಬ್ಬ ಪಕ್ಷ ಹಿಡಿದವನು, ಆದರೆ ಪ್ರಾಮಾಣಿಕನಾಗಿರಬೇಕಾದವನು ಎಂಬ ನಿಲುವು ಅವರದು. ಕೋಣೆಯಲ್ಲಿದ್ದ ಇನ್ನೊಬ್ಬರು ಕೊನೆಗೂ ತಾವಿದ್ದೇವೆ ಎಂದು ಹೇಳಿದರು. ಇದರಿಂದ ಅವರ ಸಾಕ್ಷ್ಯ ದುರ್ಬಲವಾಗಲಿಲ್ಲ. ಸಾಕ್ಷಿ ಎಲ್ಲಿ ನಿಂತಿದ್ದರು ಎಂದು ಗೊತ್ತಾದಾಗಲೇ ಸಾಕ್ಷ್ಯಕ್ಕೆ ಬೆಲೆ ಬರುವುದು.

ಇದೇ ಕೆಲಸದಲ್ಲಿ 1971ರ ಡಿಸೆಂಬರಿನಲ್ಲಿ ತೆಗೆದ ಆ ಲೋಕಪ್ರಸಿದ್ಧ ಚಿತ್ರವಿದೆ. ತಾಯಿಯ ಗರ್ಭದಲ್ಲೇ ವಿಷ ತಗುಲಿ ಹುಟ್ಟಿದ ಮಗಳನ್ನು ತಾಯಿ ಸ್ನಾನದ ತೊಟ್ಟಿಯಲ್ಲಿ ಎತ್ತಿ ಹಿಡಿದುಕೊಂಡಿದ್ದಾಳೆ. ತಾಯಿಯ ಒಪ್ಪಿಗೆ ಪಡೆದು, ಮಾತಾಡಿಕೊಂಡು ತೆಗೆದ ಚಿತ್ರ. ಇಲ್ಲಿ ಕದ್ದು ನೋಡಿದ್ದು ಏನೂ ಇಲ್ಲ. ಆ ಹುಡುಗಿಯ ಹೆಸರು ಎಲ್ಲ ಕಡೆ ಸಿಗುತ್ತದೆ, ನಾನು ಇಲ್ಲಿ ಬರೆಯುತ್ತಿಲ್ಲ. ಚಿತ್ರವನ್ನು ಇದಕ್ಕಿಂತ ಹೆಚ್ಚು ವರ್ಣಿಸುವುದೂ ಇಲ್ಲ. ಕಾರಣ ಇಷ್ಟೇ: ಮಗಳು 1977ರಲ್ಲಿ ತೀರಿಕೊಂಡಳು. ಚಿತ್ರ ಮಾತ್ರ ದಶಕಗಳ ಕಾಲ ಪುಸ್ತಕ, ಪ್ರದರ್ಶನ, ಪೋಸ್ಟರುಗಳಲ್ಲಿ ದುಡಿಯುತ್ತಲೇ ಇತ್ತು. ಅವಳಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂಬುದು ಹೆತ್ತವರ ಬಯಕೆಯಾಯಿತು. 1990ರ ದಶಕದ ಕೊನೆಯಲ್ಲಿ ಐಲೀನ್ ಆ ಚಿತ್ರದ ಬಗ್ಗೆ ನಿರ್ಧರಿಸುವ ಹಕ್ಕನ್ನು ಹೆತ್ತವರಿಗೆ ಒಪ್ಪಿಸಿದರು, ಹೊಸದಾಗಿ ಅಚ್ಚಿಗೆ ಕೊಡುವುದನ್ನು ನಿಲ್ಲಿಸಿದರು. 2020ರ ‘ಮಿನಮಾತಾ’ ಚಲನಚಿತ್ರದ ಹೊತ್ತಿಗೆ ಅದು ಮತ್ತೆ ಕಾಣಿಸಿಕೊಂಡು, ಮುಗಿದಿದ್ದ ಚರ್ಚೆ ಮತ್ತೆ ತೆರೆದುಕೊಂಡಿತು.

ಐಲೀನ್ ಅವರ ನಿರ್ಧಾರವನ್ನು ಟೀಕಿಸಿದವರಿದ್ದಾರೆ. ಅವರ ವಾದ ಹಗುರವಾದದ್ದಲ್ಲ. ಆ ಚಿತ್ರ ಒಂದು ಕುಟುಂಬದ ನೆನಪು ಮಾತ್ರವಲ್ಲ, ಒಂದು ಕಂಪನಿಯ ವಿರುದ್ಧದ ಸಾಕ್ಷ್ಯ. ಸಾಕ್ಷ್ಯವನ್ನು ಹಿಂತೆಗೆದುಕೊಂಡರೆ ಲಾಭ ಯಾರಿಗೆ? ಭೂಪಾಲದ 1984ರ ಅನಿಲ ದುರಂತವನ್ನು ನಾವು ನೆನೆಯುವುದೇ ಮಣ್ಣಿನಲ್ಲಿ ಹೂತುಹೋಗುತ್ತಿರುವ ಮಗುವಿನ ಮುಖದ ಚಿತ್ರದ ಮೂಲಕ. ಅಂಥ ಚಿತ್ರಗಳು ಇಲ್ಲದಿದ್ದರೆ ಮರೆವು ಇನ್ನೂ ಸಲೀಸಾಗುತ್ತಿತ್ತು. ಇದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಸಾಕ್ಷ್ಯಕ್ಕೂ ಒಂದು ಅವಧಿ ಇರಬಹುದು. ಕಟಕಟೆಯಲ್ಲಿ ನಿಂತು ಹೇಳಬೇಕಾದದ್ದನ್ನು ಹೇಳ ಬಂದವರನ್ನು ನಾವು ಜೀವಮಾನವಿಡೀ ಅಲ್ಲಿಯೇ ನಿಲ್ಲಿಸುವುದಿಲ್ಲ. 1973ರ ಮಾರ್ಚಿನಲ್ಲಿ ಕುಮಾಮೊಟೊ ನ್ಯಾಯಾಲಯ ಚಿಸ್ಸೋ ಹೊಣೆ ಎಂದು ತೀರ್ಪು ಕೊಟ್ಟಿತು. ಆ ಮೇಲೂ ದಶಕಗಳ ಕಾಲ ಸಾಕ್ಷಿ ಹೇಳುತ್ತಲೇ ಇದ್ದವಳು ಮಾತು ಬಾರದ ಹುಡುಗಿ. ಅವಳ ಪರವಾಗಿ ಮಾತಾಡಬಲ್ಲವರು ಹೆತ್ತವರು ಮಾತ್ರ. ಅವರು ಸಾಕು ಎಂದರು.

ಒಳ್ಳೆಯ ಪತ್ರಿಕಾ ಛಾಯಾಗ್ರಾಹಕರ ಕಸುಬನ್ನು ನಾವು ಸಾಮಾನ್ಯವಾಗಿ ಅಳೆಯುವುದು ಅವರು ಎಷ್ಟು ಹತ್ತಿರ ಹೋದರು ಎಂಬುದರಿಂದ. ಹತ್ತಿರ ಹೋಗಲು ಮೂರು ವಾರ ಬೇಕು, ಮೂರು ವರ್ಷ ಬೇಕು, ಪೆಟ್ಟು ತಿನ್ನುವ ಎದೆಗಾರಿಕೆ ಬೇಕು. ಇವೆಲ್ಲ ಸ್ಮಿತ್ ಅವರಿಗಿದ್ದವು. ಮಿನಮಾತಾ ಇದಕ್ಕೆ ಇನ್ನೊಂದು ಅಳತೆ ಸೇರಿಸುತ್ತದೆ. ಹತ್ತಿರ ಹೋದವರ ಮೇಲೆ ಒಂದು ಋಣ ಬೀಳುತ್ತದೆ, ಅದು ಚಿತ್ರ ಅಚ್ಚಾದ ಮೇಲೂ ತೀರುವುದಿಲ್ಲ. ಸ್ಪೇನಿನ ಆ ಇಬ್ಬರು ಹೆಂಗಸರಿಗೆ ತಮ್ಮ ನೋಟ ಬದಲಾದದ್ದನ್ನು ಯಾರೂ ಕೇಳಿ ಮಾಡಲಿಲ್ಲ. ಮಿನಮಾತಾದ ಹೆತ್ತವರ ಮುಂದೆ ಐಲೀನ್ ಚಿತ್ರವನ್ನೇ ಇಟ್ಟು ನೀವು ಹೇಳಿದಂತಾಗಲಿ ಎಂದರು. ಈ ಎರಡು ಘಟನೆಗಳ ನಡುವಿನ ದೂರವನ್ನು ನಾನು ತಂತ್ರದ ಚರಿತ್ರೆಯ ಭಾಗವಾಗಿಯೇ ಓದುತ್ತೇನೆ. ಬೆಳಕು, ಸಾಲು, ಅಡಿಬರಹಗಳಂತೆ ಇದೂ ಕಲಿತು ಮಾಡಬೇಕಾದ ಕಸುಬು. ನಮ್ಮ ಫೋನುಗಳಲ್ಲಿ ದಿನವೂ ಹಾದುಹೋಗುವ ಯಾರದೋ ಅಳುವ ಮುಖಗಳ ಬಗ್ಗೆ ಬರೆಯುವಾಗ, ಚಿತ್ರ ಚೆನ್ನಾಗಿದೆಯೇ ಎನ್ನುವ ಮೊದಲು, ಅದನ್ನು ಸಾಕು ಎನ್ನುವ ಹಕ್ಕು ಯಾರ ಬಳಿ ಇದೆ ಎಂದು ಕೇಳುವುದರಿಂದ ನಮ್ಮ ವಿಮರ್ಶೆ ಶುರುವಾಗಬಹುದು.